ಫೋರ್ಸೆಪ್ಸ್ ಹೆರಿಗೆ: ಹೆರಿಗೆ ಕೋಣೆಯ ಹೊರಗೆ ನಿಂತವರು ಕೇಳುವ ಪ್ರಶ್ನೆಗಳು

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಹೆರಿಗೆ ವಾರ್ಡಿನ ಬಾಗಿಲಲ್ಲಿ ಅತ್ತೆ, ಹಡೆದವ್ವ, ಗಂಡ, ಅಣ್ಣ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇವೆ. ಹೆಚ್ಚಿನವರ ಕಿವಿಗೆ ಫೋರ್ಸೆಪ್ಸ್, ಅಂದರೆ ಕೂಸಿನ ತಲೆ ಹಿಡಿದು ಹೊರತೆಗೆಯುವ ಇಕ್ಕಳ, ಎಂಬ ಹೆಸರು ಮೊದಲು ಬೀಳುವುದೇ ಸಹಿ ಹಾಕುವ ಹೊತ್ತಿಗೆ. ಆಗ ಯಾರಿಗೂ ಕೇಳಿ ತಿಳಿಯುವಷ್ಟು ತಾಳ್ಮೆ ಇರುವುದಿಲ್ಲ. ಕುಬಸಕ್ಕೆಂದು ನಾಲ್ಕು ಮಂದಿ ಸೇರಿದಾಗಲೇ ಇದನ್ನು ಓದಿಕೊಂಡರೆ ಒಳ್ಳೆಯದು.

ಇಕ್ಕಳ ಹಚ್ಚಿ ಎಳದ್ರ ಕೂಸಿನ ತಲಿಗೆ ಪೆಟ್ಟಾಗಂಗಿಲ್ಲೇನ್ರಿ?

ತಲೆ ಸಾಕಷ್ಟು ಕೆಳಗೆ ಬಂದಿದ್ದು, ಕಲಿತ ಕೈ ಹಾಕಿದ್ದರೆ ಬಹುತೇಕ ಕೂಸುಗಳಿಗೆ ಏನೂ ಆಗುವುದಿಲ್ಲ. ಹತ್ತರಲ್ಲಿ ಒಂದು ಕೂಸಿನ ಕೆನ್ನೆ ಅಥವಾ ತಲೆಯ ಚರ್ಮದ ಮೇಲೆ ಸಣ್ಣ ಗೀರು ಕಾಣಬಹುದು. ಕೆನ್ನೆಯ ಕೆಂಪು ಬರೆ ಒಂದೆರಡು ದಿನದಲ್ಲಿ ಮಾಸುತ್ತದೆ. ಅಪರೂಪಕ್ಕೆ ಮುಖದ ನರ ಒತ್ತಿಕೊಂಡು, ಅಳುವಾಗ ಬಾಯಿ ಒಂದು ಕಡೆ ವಾಲುತ್ತದೆ, ಒಂದು ಕಣ್ಣು ಪೂರ್ತಿ ಮುಚ್ಚುವುದಿಲ್ಲ. ಇದೂ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನೇ ಸರಿಹೋಗುತ್ತದೆ. ಅಲ್ಲಿಯವರೆಗೆ ಆ ಕಣ್ಣು ಒಣಗದಂತೆ ಡಾಕ್ಟರು ಹೇಳಿದ ಹನಿ ಹಾಕಬೇಕು, ಅಷ್ಟೆ.

ಎಲ್ಲರೂ ಹೆದರುವುದು ಬುರುಡೆ ಬಿರುಕು ಬಿಡುವುದಕ್ಕೆ, ತಲೆಯೊಳಗೆ ರಕ್ತ ಸೋರುವುದಕ್ಕೆ. ಇವು ವಿರಳ. ಆಗುವುದೇ ಇಲ್ಲ ಎಂದು ಹೇಳುವ ಡಾಕ್ಟರನ್ನು ನಂಬಬೇಡಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಚೊಚ್ಚಲ ತಾಯಂದಿರ 5.8 ಲಕ್ಷಕ್ಕೂ ಹೆಚ್ಚು ಕೂಸುಗಳ ಲೆಕ್ಕ ತೆಗೆದು 1999ರಲ್ಲಿ ಪ್ರಕಟಿಸಿದರು. ತಲೆಯೊಳಗೆ ರಕ್ತಸ್ರಾವವಾದದ್ದು ಫೋರ್ಸೆಪ್ಸ್‌ನಲ್ಲಿ 664ಕ್ಕೆ ಒಂದು, ವ್ಯಾಕ್ಯೂಮ್‌ನಲ್ಲಿ (ನೆತ್ತಿಗೆ ಬಟ್ಟಲು ಅಂಟಿಸಿ ಎಳೆಯುವುದರಲ್ಲಿ) 860ಕ್ಕೆ ಒಂದು, ಬೇನೆ ಶುರುವಾದ ಮೇಲೆ ಮಾಡಿದ ಸಿಸೇರಿಯನ್‌ನಲ್ಲಿ 907ಕ್ಕೆ ಒಂದು. ತಾನಾಗಿ ಹುಟ್ಟಿದವುಗಳಲ್ಲಿ 1900ಕ್ಕೆ ಒಂದು, ಬೇನೆಯೇ ಬರುವ ಮೊದಲು ಸಿಸೇರಿಯನ್ ಆದವುಗಳಲ್ಲಿ 2750ಕ್ಕೆ ಒಂದು.

ಮೊದಲ ಮೂರನ್ನು ಇನ್ನೊಮ್ಮೆ ನೋಡಿ, ಅವುಗಳ ನಡುವೆ ಹೇಳಿಕೊಳ್ಳುವಂಥ ಅಂತರವಿಲ್ಲ. ತಾಸುಗಟ್ಟಲೆ ಬೇನೆ ತಿಂದು ತಲೆ ಸಿಕ್ಕಿಕೊಂಡ ಕೂಸಿನ ಅಪಾಯ ಬಹುಪಾಲು ಆ ಸಿಕ್ಕಿನಿಂದಲೇ ಬಂದದ್ದು. ಇಕ್ಕಳದ ಬದಲು ಹೊಟ್ಟೆ ಕೊಯ್ದರೂ ಅದು ಪೂರ್ತಿ ತಪ್ಪುವುದಿಲ್ಲ.

ಅದು ಹೆಂಗ ಇರ್ತೈತಿ? ಹೆಂಗ ಹಾಕ್ತಾರ?

ಎರಡು ಬಿಡಿ ಅಲಗುಗಳು, ನಡುವೆ ಟೊಳ್ಳಾದ ಉದ್ದ ಸೌಟಿನಂತೆ. ಪ್ರತಿ ಅಲಗಿಗೂ ಎರಡು ಬಾಗು ಇರುತ್ತದೆ. ಒಂದು ಕೂಸಿನ ತಲೆಯ ದುಂಡಿಗೆ ಹೊಂದುವಂತೆ, ಇನ್ನೊಂದು ತಾಯಿಯ ಸೊಂಟದ ಎಲುಬಿನ ದಾರಿಗೆ ಹೊಂದುವಂತೆ.

ಮೊದಲು ಮೂತ್ರಚೀಲ ಖಾಲಿ ಮಾಡುತ್ತಾರೆ. ಕೆಳಭಾಗ ಮರಗಟ್ಟುವಂತೆ ಇಂಜೆಕ್ಷನ್ ಕೊಡುತ್ತಾರೆ, ಬೆನ್ನಿಗೆ ಕೊಡುವುದೂ ಉಂಟು. ಒಳಗೆ ಕೈಯಿಟ್ಟು ಕೂಸಿನ ನೆತ್ತಿಯ ಸಂದುಗಳನ್ನು ಬೆರಳಲ್ಲಿ ಹುಡುಕಿ, ಮುಖ ಯಾವ ಕಡೆಗಿದೆ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಈ ಹೆಜ್ಜೆ ತಪ್ಪಿದರೆ ಅಲಗು ಕೆನ್ನೆಯ ಮೇಲೆ ಕೂರುವ ಬದಲು ಕಣ್ಣಿನ ಮೇಲೆ ಕೂತೀತು. ಎಡ ಅಲಗು ಮೊದಲು. ಇನ್ನೊಂದು ಕೈಯ ಬೆರಳುಗಳನ್ನು ತಾಯಿಯ ಮೈಗೂ ಅಲಗಿಗೂ ನಡುವೆ ಇಟ್ಟು ನಿಧಾನಕ್ಕೆ ಜಾರಿಸುತ್ತಾರೆ. ಆಮೇಲೆ ಬಲದ್ದು. ಸರಿಯಾಗಿ ಕೂತಿದ್ದರೆ ಹಿಡಿಗಳೆರಡೂ ತಾವಾಗಿ ಒಂದರೊಳಗೊಂದು ಸೇರುತ್ತವೆ. ಸೇರದಿದ್ದರೆ ಒತ್ತಿ ಕೂರಿಸಬಾರದು, ತೆಗೆದು ಮತ್ತೆ ಪರೀಕ್ಷಿಸಬೇಕು.

ಸಿಸ್ಟರ್ ಒಬ್ಬರು ಹೊಟ್ಟೆಯ ಮೇಲೆ ಅಂಗೈ ಇಟ್ಟು ಕೂತಿರುತ್ತಾರೆ. ಗರ್ಭಚೀಲ ಗಟ್ಟಿಯಾದಾಗ ‘ಬಂತು’ ಎನ್ನುತ್ತಾರೆ. ತಾಯಿ ತಿಣುಕುತ್ತಾಳೆ, ಡಾಕ್ಟರು ಆಗ ಮಾತ್ರ ಎಳೆಯುತ್ತಾರೆ, ಮೊದಲು ಕೆಳಮುಖವಾಗಿ, ತಲೆ ಕಾಣುತ್ತಿದ್ದಂತೆ ಮೇಲ್ಮುಖವಾಗಿ. ಬೇನೆ ಇಳಿದರೆ ಕೈಯೂ ಸಡಿಲ. ಮೂರು ಎಳೆತದೊಳಗೆ ಕೂಸು ಬರಬೇಕು, ಇಲ್ಲವೇ ಬರುವ ಲಕ್ಷಣವಾದರೂ ಸ್ಪಷ್ಟವಾಗಿ ಕಾಣಬೇಕು. ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಬೇಕು.

ಈ ಸಲಕರಣೆ 400 ವರ್ಷದಷ್ಟು ಹಳೆಯದು. ಇಂಗ್ಲೆಂಡಿನ ಚೇಂಬರ್ಲೆನ್ ಮನೆತನದವರು ಇದನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ಮನೆತನದ ಗುಟ್ಟಾಗಿ ಬಚ್ಚಿಟ್ಟಿದ್ದರು. ಅವರ ಇಕ್ಕಳಗಳು ಎಸೆಕ್ಸಿನ ಮನೆಯೊಂದರ ನೆಲಹಾಸಿನಡಿ ಸಿಕ್ಕಿದ್ದು 1813ರಲ್ಲಿ. ಅದು ಗುಟ್ಟಾಗಿದ್ದಷ್ಟು ಕಾಲ ಎಷ್ಟು ತಾಯಂದಿರು ಸುಮ್ಮನೆ ಸತ್ತರೋ. ನಮ್ಮ ಹೆಣ್ಣುಮಕ್ಕಳ ಮೈಕಟ್ಟಿಗೆ ಹೊಂದುವಂತೆ ಇದನ್ನು ಮಾರ್ಪಡಿಸಿದವರು ಕೋಲ್ಕತ್ತದ ಕೇದಾರನಾಥ ದಾಸ್. ದಾಸ್ ಫೋರ್ಸೆಪ್ಸ್ ಎಂದು ಇಂದಿಗೂ ಅವರದೇ ಹೆಸರು.

ಎದಕ್ಕ ಬೇಕಾಗ್ತೈತಿ ಇದು?

ಮುಖ್ಯವಾಗಿ ಮೂರು ಕಾರಣ. ಗರ್ಭಚೀಲದ ಬಾಯಿ ಪೂರ್ತಿ ತೆರೆದು, ತಿಣುಕಿ ತಿಣುಕಿ ತಾಸುಗಳು ಕಳೆದರೂ ತಲೆ ಹೊರಬರದಿರುವುದು. ಕೂಸಿನ ಎದೆಬಡಿತ ಇಳಿಯುತ್ತಿರುವುದು, ಅಂದರೆ ಕಾಯಲು ಹೊತ್ತಿಲ್ಲ ಎಂದರ್ಥ. ಮೂರನೆಯದು ತಾಯಿಯ ಸ್ಥಿತಿ: ಹೃದಯದ ಕವಾಟದ ಕಾಯಿಲೆ, ಏರಿದ ಬಿಪಿ, ತೀವ್ರ ರಕ್ತಹೀನತೆ ಇರುವವರು ಹೆಚ್ಚು ಹೊತ್ತು ತಿಣುಕಬಾರದು. ನಮ್ಮ ಕಡೆ ರಕ್ತ ಕಡಿಮೆ ಇರುವ ಬಸುರಿಯರು ಎಷ್ಟು ಮಂದಿ ಎಂಬುದು ಯಾವ ಆಶಾ ಕಾರ್ಯಕರ್ತೆಯನ್ನು ಕೇಳಿದರೂ ಗೊತ್ತಾಗುತ್ತದೆ. ಇದಲ್ಲದೆ ಕಾಲು ಮುಂದಾಗಿ ಬರುವ ಕೂಸಿನ ತಲೆ ಕೊನೆಗೆ ಸಿಕ್ಕಿಕೊಂಡಾಗಲೂ ಇದು ಬೇಕಾಗುತ್ತದೆ.

ಯಾವಾಗ ಹಾಕಬಾರದು?

ಗರ್ಭಚೀಲದ ಬಾಯಿ ಪೂರ್ತಿ, ಅಂದರೆ 10 ಸೆಂಟಿಮೀಟರ್ ತೆರೆಯದಿದ್ದಾಗ. ತಲೆ ಇನ್ನೂ ಮೇಲೆಯೇ ಇದ್ದಾಗ. ಮುಖದ ದಿಕ್ಕು ತಿಳಿಯದಿದ್ದಾಗ. ತಾಯಿಯ ಸೊಂಟದ ದಾರಿಗೆ ಕೂಸು ದೊಡ್ಡದಾಯಿತು ಎಂದು ಕಂಡಾಗ. ಕೂಸಿಗೆ ರಕ್ತ ಹೆಪ್ಪುಗಟ್ಟದ ಕಾಯಿಲೆ ಅಥವಾ ಎಲುಬು ಮುರಿಯುವ ಕಾಯಿಲೆ ಇರುವ ಶಂಕೆಯಿದ್ದಾಗ. ಇನ್ನೊಂದು ಮಾತನ್ನು ಜೋರಾಗಿಯೇ ಹೇಳಬೇಕು: ಇದು ಕೈಗೂಡದಿದ್ದರೆ ತಕ್ಷಣ ಸಿಸೇರಿಯನ್ ಮಾಡುವ ದಾರಿ ಇಲ್ಲದ ಕಡೆ, ಬರುತ್ತದೋ ಇಲ್ಲವೋ ಎಂಬ ಅನುಮಾನವಿರುವ ಕೂಸಿಗೆ ಇಕ್ಕಳ ಹಚ್ಚಬಾರದು.

ಇದರ ಗೊಡವಿನ ಬ್ಯಾಡ, ಸೀದಾ ಆಪರೇಷನ್ ಮಾಡಿಬಿಡ್ರಿ ಅಂದ್ರ?

ಬೇನೆ ಶುರುವಾಗುವ ಮೊದಲು ಮಾಡುವ ಸಿಸೇರಿಯನ್ ಬೇರೆ, ತಲೆ ಸೊಂಟದ ತಳಕ್ಕೆ ಇಳಿದು ಸಿಕ್ಕಿಕೊಂಡಾಗ ಮಾಡುವ ಸಿಸೇರಿಯನ್ ಬೇರೆ. ಎರಡನೆಯದರಲ್ಲಿ ತಲೆಯನ್ನು ಕೆಳಗಿನಿಂದ ಒಬ್ಬರು ಮೇಲೆ ತಳ್ಳಬೇಕು, ಇಲ್ಲವೇ ಕಾಲು ಹಿಡಿದು ಹೊರತೆಗೆಯಬೇಕು. ತೆಳ್ಳಗಾದ ಗರ್ಭಚೀಲ ಕೊಯ್ದ ಜಾಗದಿಂದ ಪಕ್ಕಕ್ಕೆ ಹರಿಯಬಹುದು, ರಕ್ತ ಬಹಳ ಹೋಗಬಹುದು. ಥಿಯೇಟರ್ ಸಿದ್ಧವಾಗಿ, ಅರಿವಳಿಕೆ ಕೊಡುವ ಡಾಕ್ಟರು ಬಂದು, ಹೊಟ್ಟೆ ತೆರೆಯುವಷ್ಟರಲ್ಲಿ ಅರ್ಧ ತಾಸು ಹಿಡಿಯಬಹುದು. ಎದೆಬಡಿತ ಕುಸಿದ ಕೂಸು ಬಾಗಿಲಲ್ಲೇ ಇದ್ದರೆ ಇಕ್ಕಳದಿಂದ ಕೆಲವೇ ನಿಮಿಷಗಳಲ್ಲಿ ಹೊರಬರುತ್ತದೆ.

ಒಮ್ಮೆ ಗರ್ಭಚೀಲಕ್ಕೆ ಗಾಯವಾದರೆ ಅದರ ಲೆಕ್ಕ ಮುಂದಿನ ಬಸಿರಿಗೂ ಬರುತ್ತದೆ. ಹಳೆಯ ಗಾಯ ಬಿಡುವುದು, ಕಸ (ಮಾಸು) ಗಾಯಕ್ಕೇ ಅಂಟಿ ಬೆಳೆಯುವುದು ಎರಡೂ ಜೀವಕ್ಕೆ ಎರವಾಗಬಲ್ಲವು. ಇದು ಚೊಚ್ಚಲ ಹೆರಿಗೆ, ಇನ್ನೂ ಮಕ್ಕಳು ಬೇಕು ಎನ್ನುವ ಮನೆಯವರು ಈ ಮಾತನ್ನು ಕಡೆಗಣಿಸಬಾರದು.

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ತೀರಿಕೊಂಡ ಮೇಲೆ, ‘ಏನಾರ ಮಾಡ್ರಿ, ಹೊಟ್ಟಿ ಮಾತ್ರ ಕೊಯ್ಯಬ್ಯಾಡ್ರಿ’ ಎನ್ನುವವರೂ ಇದ್ದಾರೆ. ಆ ಸಾವುಗಳಲ್ಲಿ ಅನುಮಾನ ಬಿದ್ದದ್ದು ನರಕ್ಕೆ ಏರಿಸಿದ ಸಲೈನ್ ದ್ರಾವಣದ ಮೇಲೆ. ಆ ಭಯ ಅರ್ಥವಾಗುವಂಥದ್ದೇ. ಆದರೆ ಆ ಭಯದಿಂದ, ತಲೆ ಮೇಲೆಯೇ ಇರುವ ಕೂಸನ್ನು ಇಕ್ಕಳದಿಂದ ಎಳೆಸಿಕೊಳ್ಳಲು ಹಟ ಹಿಡಿದರೆ ತಾಯಿ ಮಗು ಇಬ್ಬರಿಗೂ ಕೇಡು. ತಲೆ ಎಲ್ಲಿದೆ ಎಂಬುದರ ಮೇಲೆ ತೀರ್ಮಾನವಾಗಬೇಕು.

ವ್ಯಾಕ್ಯೂಮ್ ಇದ್ದದ್ದ್ರಾಗ ಚಲೋ ಅಂತಾರಲ್ರಿ?

ತಾಯಿಗೆ ಚಲೋ ಹೌದು, ಹರಿಯುವುದು ಕಡಿಮೆ. ಆದರೆ ಬಟ್ಟಲು ಕಿತ್ತುಬಂದು ಕೆಲಸ ಕೆಡುವುದು ವ್ಯಾಕ್ಯೂಮ್‌ನಲ್ಲೇ ಹೆಚ್ಚು. ಕೂಸಿನ ನೆತ್ತಿಯ ಮೇಲೆ ರಕ್ತದ ಬಾವು ಬರುವುದೂ ಅದರಲ್ಲೇ ಹೆಚ್ಚು. 34 ವಾರ ತುಂಬದ ಕೂಸಿಗೆ ವ್ಯಾಕ್ಯೂಮ್ ಹಾಕುವ ಹಾಗಿಲ್ಲ. ತಾಯಿಗೆ ತಿಣುಕಲು ಆಗದಿದ್ದರೆ ಫೋರ್ಸೆಪ್ಸ್ ವಾಸಿ. ವ್ಯಾಕ್ಯೂಮ್ ಸೋತ ಮೇಲೆ ಫೋರ್ಸೆಪ್ಸ್ ಹಾಕಿದರೆ, ಒಂದರ ಮೇಲೊಂದು ಸೇರಿ ಕೂಸಿಗೆ ಅಪಾಯ ಏರುತ್ತದೆ. ತಲೆ ಬಾಗಿಲಲ್ಲೇ ಇದ್ದರೆ ಮಾತ್ರ ಅನುಭವಿಗಳು ಆ ಕೆಲಸಕ್ಕೆ ಕೈ ಹಾಕುತ್ತಾರೆ. ಯಾವ ಡಾಕ್ಟರ ಕೈ ಯಾವುದರಲ್ಲಿ ಪಳಗಿದೆ ಎಂಬುದೂ ಇಲ್ಲಿ ಎಣಿಕೆಗೆ ಬರುತ್ತದೆ. ಫೋರ್ಸೆಪ್ಸ್ ಬಳಕೆ ಜಗತ್ತಿನ ಬಹಳ ಕಡೆ ಇಳಿದಿದೆ. ಹೊಸಬರು ಕಲಿಯುವ ಅವಕಾಶವೂ ಹಾಗೇ ಇಳಿದಿದೆ.

ತಾಯಿಗೆ ಏನಾಗ್ತೈತಿ?

ಈ ಪ್ರಶ್ನೆಯನ್ನು ಕೇಳುವವರು ಕಡಿಮೆ. ಕೂಸಿನ ಕೆನ್ನೆಯ ಬರೆ ಎಲ್ಲರಿಗೂ ಕಾಣುತ್ತದೆ, ತಾಯಿಯ ಹೊಲಿಗೆ ಯಾರಿಗೂ ಕಾಣುವುದಿಲ್ಲ. ನಮ್ಮನ್ನು ಕೇಳಿದರೆ ಫೋರ್ಸೆಪ್ಸ್‌ನ ನಿಜವಾದ ಬೆಲೆ ತೆರುವವಳು ತಾಯಿಯೇ.

ಕೆಳಭಾಗ ಬೇಕಾಬಿಟ್ಟಿ ಹರಿಯದಿರಲಿ ಎಂದು ಸಾಮಾನ್ಯವಾಗಿ ಓರೆಯಾಗಿ ಒಂದು ಕೊಯ್ತ ಕೊಡುತ್ತಾರೆ. ಅಷ್ಟಾದರೂ ಕೆಲವರಿಗೆ ಅದು ಗುದದ್ವಾರದ ಸುತ್ತಲಿನ ಬಿಗಿ ಸ್ನಾಯುವಿನವರೆಗೆ ಹರಿಯುತ್ತದೆ. ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು ಕೊಡುವ ಅಂಕಿಯಂತೆ ಇಂಥ ಹರಿತ ಸಹಜ ಹೆರಿಗೆಯಲ್ಲಿ 100ಕ್ಕೆ 3, ವ್ಯಾಕ್ಯೂಮ್‌ನಲ್ಲಿ 4, ಫೋರ್ಸೆಪ್ಸ್‌ನಲ್ಲಿ 8ರಿಂದ 12. ಅಂದರೆ ಸಹಜ ಹೆರಿಗೆಯ ಸುಮಾರು ಮೂರರಿಂದ ನಾಲ್ಕು ಪಟ್ಟು.

ಇದನ್ನು ಆ ಹೊತ್ತಿನಲ್ಲೇ ಗುರುತಿಸಿ, ಒಳ್ಳೆಯ ಬೆಳಕಿನಲ್ಲಿ, ಮರಗಟ್ಟಿಸಿ, ಪದರ ಪದರವಾಗಿ ಹೊಲಿದರೆ ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ. ಕಣ್ತಪ್ಪಿದರೆ ಗಾಳಿ ತಡೆಯಲಾಗದು, ಬಟ್ಟೆಯಲ್ಲೇ ಮಲ ಸೋರುತ್ತದೆ. ಇಂಥ ಹೆಣ್ಣುಮಕ್ಕಳು ಜಾತ್ರೆ, ಮದುವೆ ಬಿಡುತ್ತಾರೆ, ಹೊಲದ ಕೆಲಸಕ್ಕೆ ಗುಂಪಿನಲ್ಲಿ ಹೋಗುವುದನ್ನು ಬಿಡುತ್ತಾರೆ, ಗಂಡನಿಗೂ ಬಾಯಿಬಿಡುವುದಿಲ್ಲ. ಹೆರಿಗೆಯಾದ ಹೆಣ್ಣಿಗೆ ಇದೆಲ್ಲ ಇದ್ದದ್ದೇ ಎಂದು ಹಿರಿಯರು ಹೇಳಿದರೆ ಕೇಳಬೇಡಿ. ಅದಕ್ಕೆ ಚಿಕಿತ್ಸೆ ಇದೆ. ವರ್ಷ ಕಳೆದಿದ್ದರೂ ದೊಡ್ಡಾಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಹೋಗಿ ತೋರಿಸಿ.

ಹೆರಿಗೆಯಾಗಿ ಆರು ತಾಸಾದರೂ ಮೂತ್ರ ಬರದಿದ್ದರೆ ಸಿಸ್ಟರನ್ನು ಕರೆಯಿರಿ. ಇಂಜೆಕ್ಷನ್ನಿನ ಮಂಪರಿನಲ್ಲಿ ಚೀಲ ತುಂಬಿದ್ದೇ ಗೊತ್ತಾಗುವುದಿಲ್ಲ, ಹಿಗ್ಗಿಹೋದರೆ ಮತ್ತೆ ಬಿಗಿ ಬರಲು ದಿನಗಳು ಬೇಕು. ನಂಜಾಗದಂತೆ ಒಂದು ಡೋಸ್ ಆಂಟಿಬಯಾಟಿಕ್ ಕೊಡುತ್ತಾರೆಯೇ ಎಂದೂ ಕೇಳಿ. ಬ್ರಿಟನ್ನಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದೇ ಡೋಸಿನಿಂದ ಸೋಂಕು ಶೇಕಡಾ 19ರಿಂದ 11ಕ್ಕೆ ಇಳಿದಿತ್ತು.

ಹೊಟ್ಟಿ ಮ್ಯಾಲಿಂದ ಒತ್ತಿದ್ರ ತಾನ ಬರ್ತೈತಲ್ರಿ? ಊರಾಗ ಬ್ಯಾನಿ ಇಂಜೆಕ್ಷನ್ನೂ ಕೊಡ್ತಾರ.

ಎರಡನ್ನೂ ಮಾಡಿಸಬೇಡಿ. ಮೊಣಕೈ ಊರಿ ಹೊಟ್ಟೆ ಒತ್ತಿದರೆ ಗರ್ಭಚೀಲ ಹರಿಯಬಹುದು, ಪಕ್ಕೆಲುಬು ಮುರಿಯಬಹುದು, ಕೆಳಗಿನ ಹರಿತವೂ ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇದು ಬೇಡವೆಂದೇ ಹೇಳಿದೆ. ಊರಲ್ಲಿ ಸೊಂಟಕ್ಕೋ ತೋಳಿಗೋ ಚುಚ್ಚುವ ಬೇನೆ ಇಂಜೆಕ್ಷನ್ ಇನ್ನೂ ಕೆಟ್ಟದ್ದು. ಆಸ್ಪತ್ರೆಯಲ್ಲಿ ಅದೇ ಔಷಧವನ್ನು ಸಲೈನ್‌ನಲ್ಲಿ ಹನಿ ಹನಿಯಾಗಿ ಎಣಿಸಿ ಕೊಡುತ್ತಾರೆ, ಬೇನೆ ಅತಿಯಾದರೆ ನಿಲ್ಲಿಸಬಹುದು. ಮೈಗೆ ಚುಚ್ಚಿದ್ದನ್ನು ವಾಪಸು ತೆಗೆಯುವವರು ಯಾರು? ಬಿಡುವಿಲ್ಲದ ಬೇನೆಯಲ್ಲಿ ಕೂಸಿಗೆ ಉಸಿರು ಕಟ್ಟುತ್ತದೆ. ಅಂಥ ಕೇಸೇ ಕೊನೆಗೆ ಇಕ್ಕಳಕ್ಕೋ ಥಿಯೇಟರಿಗೋ ಬರುವುದು. ಇಂಜೆಕ್ಷನ್ ಕೊಡಿಸಿದ್ದರೆ ಮುಚ್ಚಿಡದೆ ಹೇಳಿ, ಯಾರೂ ಬಯ್ಯುವುದಿಲ್ಲ. ಬೈದರೂ ಹೇಳಿ.

ಸಹಿ ಯಾರು ಹಾಕಬೇಕು? ಏನು ಕೇಳಬೇಕು?

ಹಡೆಯುವವಳು ವಯಸ್ಕಳಾಗಿದ್ದು ಎಚ್ಚರದಲ್ಲಿದ್ದರೆ ಒಪ್ಪಿಗೆ ಅವಳದೇ. ಗಂಡ ಬೆಂಗಳೂರಿಗೆ ದುಡಿಯಲು ಹೋಗಿದ್ದಾನೆ, ಫೋನ್ ಹತ್ತುತ್ತಿಲ್ಲ, ಅವನು ಬರಲಿ ಎಂದು ಕಾಯುತ್ತ ಕೂತರೆ ಕೂಸಿನ ಎದೆಬಡಿತ ಕಾಯುವುದಿಲ್ಲ. ಹೊತ್ತಿಲ್ಲದಾಗ ಡಾಕ್ಟರು ಬಾಯಿಮಾತಿನಲ್ಲೇ ಒಪ್ಪಿಗೆ ಪಡೆದು ಆಮೇಲೆ ಬರೆದಿಡುವುದೂ ಸರಿಯೇ.

ನಾಲ್ಕು ಪ್ರಶ್ನೆ ಸಾಕು: ತಲೆ ಎಷ್ಟು ಕೆಳಗೆ ಬಂದಿದೆ? ಯಾರು ಹಾಕುತ್ತಾರೆ, ಕಲಿಯುವವರಾದರೆ ಪಕ್ಕದಲ್ಲಿ ಹಿರಿಯರು ನಿಲ್ಲುತ್ತಾರೆಯೇ? ಆಗದಿದ್ದರೆ ಥಿಯೇಟರ್ ಸಿದ್ಧವಿದೆಯೇ? ಹುಟ್ಟಿದ ಕೂಡಲೇ ಕೂಸನ್ನು ನೋಡಲು ಮಕ್ಕಳ ಡಾಕ್ಟರೋ, ಉಸಿರು ಕೊಡಲು ಬಲ್ಲ ಸಿಸ್ಟರೋ ಇದ್ದಾರೆಯೇ? ಒಳ್ಳೆಯ ಡಾಕ್ಟರಿಗೆ ಇದನ್ನು ಕೇಳಿದರೆ ಸಿಟ್ಟು ಬರುವುದಿಲ್ಲ.

ನಮ್ಮೂರ ಆಸ್ಪತ್ರ್ಯಾಗ ಮಾಡ್ತಾರೇನ್ರಿ, ರೊಕ್ಕ ಎಷ್ಟು?

ಇಕ್ಕಳ ಅಥವಾ ವ್ಯಾಕ್ಯೂಮ್ ಹೆರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮೂಲಭೂತ ತುರ್ತು ಹೆರಿಗೆ ಸೇವೆಗಳ ಪಟ್ಟಿಯಲ್ಲೇ ಇದೆ. ರಕ್ತ ಕೊಡುವುದು ಮತ್ತು ಸಿಸೇರಿಯನ್ ಅದರ ಮೇಲಿನ ಹಂತದವು. ಆದರೆ ಪಟ್ಟಿಯಲ್ಲಿರುವುದೆಲ್ಲ ಎಲ್ಲ ಕಡೆ, ಎಲ್ಲ ಹೊತ್ತಿನಲ್ಲೂ ಸಿಗುತ್ತದೆ ಎಂದುಕೊಳ್ಳಬೇಡಿ. ದೇವದುರ್ಗ, ಕುಷ್ಟಗಿ, ಸಿರುಗುಪ್ಪ ಕಡೆಯವರು ಒಂಬತ್ತನೇ ತಿಂಗಳಲ್ಲೇ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಹೆರಿಗೆ ಡಾಕ್ಟರು, ಅರಿವಳಿಕೆ ಕೊಡುವವರು ಇರುತ್ತಾರೆಯೇ ಎಂದು ವಿಚಾರಿಸಿಡಿ. ಇಲ್ಲವಾದರೆ ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ನಿಮಗೆ ಹತ್ತಿರದ್ದು ಯಾವುದು, ಎಷ್ಟು ಹೊತ್ತಿನ ದಾರಿ ಎಂಬುದು ಗೊತ್ತಿರಲಿ. ಬೇನೆ ಬಂದಾಗ 108ಕ್ಕೆ ಕರೆ ಮಾಡಿ.

2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧ, ರಕ್ತ, ಊಟ ಉಚಿತ. ಇಕ್ಕಳ ಹಾಕಿದರೆಂದು ಬೇರೆ ದುಡ್ಡು ಕೊಡಬೇಕಿಲ್ಲ. ಮನೆಗೆ ಬಿಡಲು ನಗು-ಮಗು ಗಾಡಿಯನ್ನು ಕೇಳಿ.

ಕೂಸಿನ ತಲಿ ಬಾತೈತಿ. ಎಣ್ಣಿ ಹಚ್ಚಿ ತಿದ್ದಬೇಕೇನ್ರಿ?

ಬೇಡ. ಬಾಣಂತನದ ಅಜ್ಜಿಯರಿಗೆ ಇದನ್ನು ಹೇಳುವುದು ಕಷ್ಟ, ಆದರೂ ಹೇಳಲೇಬೇಕು. ಕಾಲ ಮೇಲೆ ಕೂಸನ್ನು ಮಲಗಿಸಿ, ಬಿಸಿನೀರು ಹೊಯ್ದು, ಅಂಗೈಯಲ್ಲಿ ತಲೆ ಒತ್ತಿ ದುಂಡಗೆ ಮಾಡುವುದು ನಮ್ಮಲ್ಲಿ ಮನೆಮನೆಯ ರೂಢಿ. ನೆತ್ತಿಯ ಪಕ್ಕದ ಎಲುಬಿನ ಮೇಲೆ ರಕ್ತ ಕೂತು ಬಂದ ಬಾವು ಹಾಗೆ ಒತ್ತಿದರೆ ಕರಗುವುದಿಲ್ಲ, ನೋಯುತ್ತದೆ, ಇನ್ನಷ್ಟು ರಕ್ತ ಸೋರಲೂಬಹುದು. ಸೂಜಿ ಹಾಕಿ ತೆಗೆಸಿದರೆ ಕೀವಾಗಬಹುದು. ಮುಟ್ಟದೆ ಬಿಡಿ, ಕೆಲವು ವಾರ, ಒಮ್ಮೊಮ್ಮೆ ಎರಡು ಮೂರು ತಿಂಗಳಲ್ಲಿ ಅದೇ ಕರಗುತ್ತದೆ.

ಕೂತ ರಕ್ತ ಕರಗುವಾಗ ಕಾಮಾಲೆ ಏರಬಹುದು. ಮುಖ ಹಳದಿಯಾಗುವುದು ಬಹಳ ಕೂಸುಗಳಿಗೆ ಇದ್ದದ್ದೇ. ಆದರೆ ಮೊದಲ ದಿನವೇ ಹಳದಿ ಕಂಡರೆ, ಅಥವಾ ಹಳದಿ ಅಂಗೈ ಅಂಗಾಲಿಗೆ ಇಳಿದರೆ ಅವತ್ತೇ ಆಸ್ಪತ್ರೆಗೆ ಹೋಗಿ. ರಾಯಚೂರಿನ ಬಿಸಿಲಿಗೆ ಎಳೆಗೂಸನ್ನು ಹಿಡಿದರೆ ಕಾಮಾಲೆ ಇಳಿಯುವ ಮೊದಲು ಕೂಸೇ ಬಾಡುತ್ತದೆ. ಅದಕ್ಕೆಂದೇ ಆಸ್ಪತ್ರೆಯಲ್ಲಿ ನೀಲಿ ಬೆಳಕಿನ ಯಂತ್ರವಿದೆ. ಹುಟ್ಟಿದ ಕೂಡಲೇ ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟಿದ್ದಾರೆಯೇ ಎಂದೂ ಕೇಳಿಕೊಳ್ಳಿ.

ಕೂಸು ಬಿಳಿಚಿಕೊಂಡರೆ, ಮೊಲೆ ಹಿಡಿಯದೆ ಜೋತುಬಿದ್ದರೆ, ಫಿಟ್ಸ್ ಬಂದರೆ, ನೆತ್ತಿ ಉಬ್ಬಿದರೆ, ಅಥವಾ ತಲೆಯ ಬಾವು ತಾಸು ತಾಸಿಗೆ ಮೆತ್ತಗೆ ಹರಡುತ್ತ ಕಿವಿಯತ್ತ ಇಳಿದರೆ ನಾಳೆ ನೋಡೋಣ ಎನ್ನಬೇಡಿ. ಮೊದಲ ಎರಡು ದಿನ ಆಸ್ಪತ್ರೆಯಲ್ಲೇ ಇರಿ ಎನ್ನುವುದು ಇದಕ್ಕೇ.

ಮುಂದ ದಡ್ಡ ಆಗ್ತೈತೇನ್ರಿ?

ಇಲ್ಲ. ಜೆರುಸಲೇಮಿನಲ್ಲಿ ಇಕ್ಕಳ, ವ್ಯಾಕ್ಯೂಮ್‌ನಿಂದ ಹುಟ್ಟಿದವರನ್ನು 17ನೇ ವಯಸ್ಸಿನಲ್ಲಿ ಪರೀಕ್ಷಿಸಿ ನೋಡಿದ್ದಾರೆ, ಸಹಜವಾಗಿ ಹುಟ್ಟಿದವರಿಗಿಂತ ಬುದ್ಧಿ ಕಡಿಮೆಯಿರಲಿಲ್ಲ. ಓದದ ಹುಡುಗನಿಗೆ ‘ಅವ ಇಕ್ಕಳದ ಕೂಸು’ ಎಂದು ನೆಪ ಹೇಳುವುದನ್ನು ಬಿಡಬೇಕು.

ಹೊಲಿಗಿ ಐತಿ, ಬಾಣಂತಿಗೆ ನೀರು ಕೊಡಬಹುದೇನ್ರಿ? ಕಾಯಿಸಬಹುದೇನ್ರಿ?

ನೀರು ಧಾರಾಳವಾಗಿ ಕೊಡಿ. ನೀರು ಕೊಟ್ಟರೆ ಹೊಟ್ಟೆ ಬರುತ್ತದೆ, ಹೊಲಿಗೆ ಕೀವಾಗುತ್ತದೆ ಎಂಬುದು ಸುಳ್ಳು. ನೀರಿಲ್ಲದೆ ಮಲ ಕಲ್ಲಾಗಿ, ಮುಕ್ಕರಿದಾಗ ಹೊಲಿಗೆಗೇ ಪೆಟ್ಟು. ಏಪ್ರಿಲ್, ಮೇ ಬಿಸಿಲಿನಲ್ಲಿ ಬಾಯಾರಿದ ಬಾಣಂತಿಗೆ ಹಾಲೂ ಸರಿಯಾಗಿ ಬರದಿರಬಹುದು. ಅಳವಿ ಪಾಯಸ, ಅಂಟಿನುಂಡಿ ಇರಲಿ, ಜೊತೆಗೆ ಸೊಪ್ಪು, ಬೇಳೆ, ಹಣ್ಣೂ ಇರಲಿ. ಹೊರಸಿನ ಕೆಳಗೆ ಕೆಂಡ ಇಟ್ಟು ಕಾಯಿಸುವುದು ಬೇಡ. ಹೊಲಿಗೆಯ ಜಾಗ ಒಣಗಿರಬೇಕೇ ಹೊರತು ಬೇಯಬಾರದು, ಮುಚ್ಚಿದ ಕೋಣೆಯ ಹೊಗೆ ಕೂಸಿನ ಉಸಿರಿಗೂ ಒಳ್ಳೆಯದಲ್ಲ. ಪ್ರತಿ ಸಲ ಶೌಚದ ನಂತರ ಮುಂದಿನಿಂದ ಹಿಂದಕ್ಕೆ ತೊಳೆದು ಒರೆಸಿ, ಪ್ಯಾಡ್ ಬದಲಿಸಿ. ದಾರ ತಾನೇ ಕರಗುತ್ತದೆ. ಪ್ಯಾರಾಸಿಟಮಾಲ್ ನುಂಗಿದರೆ ಹಾಲಿಗೆ ತೊಂದರೆಯಿಲ್ಲ. ಜ್ವರ, ವಾಸನೆಯ ಸ್ರಾವ, ಪ್ಯಾಡ್ ತೊಯ್ಯುವಷ್ಟು ರಕ್ತ, ಬಿಟ್ಟ ಹೊಲಿಗೆ, ಇವುಗಳಲ್ಲಿ ಒಂದು ಕಂಡರೂ ವಾಪಸು ಬನ್ನಿ.

ಇದು ಬರದಂಗ ಮಾಡಾಕ ಆಗಂಗಿಲ್ಲೇನು?

ಪೂರ್ತಿ ಆಗದು, ಸ್ವಲ್ಪ ಆಗುತ್ತದೆ. ಬೇನೆ ತಿನ್ನುವಾಗ ಅಡ್ಡಾಡಲಿ, ಮಗ್ಗಲು ಬದಲಿಸಲಿ, ಆಗಾಗ ಮೂತ್ರಕ್ಕೆ ಹೋಗಲಿ, ನೀರು ಮಜ್ಜಿಗೆ ಗುಟುಕರಿಸಲಿ. ಬಾಯಿ ಪೂರ್ತಿ ತೆರೆಯುವ ಮೊದಲು ‘ತಿಣುಕು, ತಿಣುಕು’ ಎಂದು ಸುತ್ತಲಿನವರು ಕೂಗಬಾರದು, ಆ ಶಕ್ತಿ ಕೊನೆಗೆ ಬೇಕು. ಅವ್ವನೋ ಅಕ್ಕನೋ ಜೊತೆಗಿದ್ದರೆ ಹೆರಿಗೆ ಸಲೀಸು. ಸರ್ಕಾರಿ ಆಸ್ಪತ್ರೆಯಲ್ಲೂ ಹೆರಿಗೆ ಕೋಣೆಗೆ ಒಬ್ಬ ಹೆಣ್ಣುಮಗಳನ್ನು ಬಿಡಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಹೇಳಿದೆ. ಕೇಳಿ ನೋಡಿ.

ಮುಂದಿನ ಹೆರಿಗಿನೂ ಹಿಂಗ ಆಗ್ತೈತಾ?

ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿಗೆ ಮುಂದಿನದು ಸಹಜವಾಗಿಯೇ ಆಗುತ್ತದೆ. ಗುದದ ಸ್ನಾಯು ಹರಿದಿದ್ದವರು ಮಾತ್ರ ಬಸಿರಾದ ಕೂಡಲೇ ಹೇಳಿ ಸಲಹೆ ಪಡೆಯಬೇಕು.

ಚೊಚ್ಚಲು ತವರಿನಲ್ಲಿ, ಎರಡನೆಯದು ಗಂಡನ ಮನೆಯ ಊರಲ್ಲಿ ಆಗುವುದರಿಂದ ಮೊದಲಿನ ವಿವರ ಅಲ್ಲಿಯ ಡಾಕ್ಟರಿಗೆ ಸಿಗುವುದೇ ಇಲ್ಲ. ‘ಏನೋ ಹಾಕಿ ತಗದ್ರು’ ಎಂದರೆ ಅವರಿಗೆ ಏನು ತಿಳಿಯಬೇಕು? ಡಿಸ್ಚಾರ್ಜ್ ಚೀಟಿಯಲ್ಲಿ ಫೋರ್ಸೆಪ್ಸ್ ಹಾಕಿದ ಕಾರಣ, ತಲೆ ಎಷ್ಟು ಕೆಳಗಿತ್ತು, ಎಷ್ಟನೇ ಹಂತದ ಹರಿತ, ಎಷ್ಟು ರಕ್ತ ಹೋಯಿತು, ಕೂಸಿನ ತೂಕ ಇಷ್ಟನ್ನು ಬರೆಸಿಕೊಂಡು, ತಾಯಿ ಕಾರ್ಡಿನ ಜೊತೆ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ. ಮೊಬೈಲಿನಲ್ಲಿ ಒಂದು ಫೋಟೋನೂ ಹೊಡೆದಿಟ್ಟುಕೊಳ್ಳಿ.